ಅರಿಶಿನದ ಗುರುತು
ಬಳೆಗಾರ ಗೌಸಸಾಬರ ಪೆಟ್ಟಿಗೆಯಲ್ಲಿ ಬಳೆಗಿಂತ ಪುಸ್ತಕವೇ ಹೆಚ್ಚು. ಅಂಗಡಿಕಾರನಾದ ನನ್ನ ಕಣ್ಣಿಗೆ ಇದು ದಿವಾಳಿಯ ಲಕ್ಷಣ. ಸಂಪಗಾಂವದಲ್ಲಿ ಮನೆಗೊಂದು ಕಥೆಪುಸ್ತಕ ಕೊಟ್ಟು, ಮುಂದಿನ ವಾರ ಹಾಳೆ ತಿರುವಿ ಅರಿಶಿನದ ಕಲೆ ಹುಡುಕುತ್ತಾರೆ. ಸಿಗದಿದ್ದರೆ, "ಗಂಡಸರಷ್ಟ ಓದೀರಿ, ಇದು ಅಡಗಿಮನಿ ಕಂಡಿಲ್ಲ. ಇನ್ನೊಂದು ವಾರ ಇಟ್ಕೋರಿ" ಎನ್ನುತ್ತಾರೆ. ಸಿಕ್ಕರೆ ಕಟ್ಟೆಯ ಮೇಲೆ ಕುಳಿತು, ಕಥೆಯಲ್ಲಿ ತಪ್ಪು ಯಾರದೆಂದು ಅತ್ತೆ-ಸೊಸೆಯರಿಗೆ ಜಗಳ ಹಚ್ಚಿ, ಚಹಾ ಕುಡಿದೇ ಏಳುತ್ತಾರೆ. "ನಿಮ್ಮ ಮನ್ಯಾಗ ಹೆಂಗ್ರಿ?" ಎಂದು ನಾನು ಕೆಣಕಿದರೆ ಮಾತು ಬದಲಿಸುತ್ತಿದ್ದರು; ಅವರ ಹೆಂಡತಿ ಜೈಬುನ್ನಿಸಾ ಪುಸ್ತಕ ಮುಟ್ಟುತ್ತಿರಲಿಲ್ಲ. ನಿನ್ನೆ ಸಾಬರು ನನ್ನ ಅಂಗಡಿಗೆ ಬಂದು ಒಂದು ಪುಸ್ತಕ ಬಿಚ್ಚಿಟ್ಟರು. ಪುಟದ ಅಂಚಿನಲ್ಲಿ ಹಳದಿ ಹೆಬ್ಬೆರಳಿನ ಗುರುತು. "ಹತ್ತು ವರ್ಷಕ್ಕ ನಮ್ಮ ಮನ್ಯಾಗೂ ಜಗಳ ಆತ್ರಿ ಸಾವಕಾರ್ರ," ಎಂದರು ಗೆದ್ದವರಂತೆ, "ತಪ್ಪೆಲ್ಲಾ ಗಂಡಂದ ಅಂತಾಳ್ರಿ."