ರೊಟ್ಟಿ ಬಡಿಯುವ ಕೈ ನಿಲ್ಲುವ ಜಾಗ

ಕೂಡ್ಲಿಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಮಬ್ಬುಗತ್ತಲು. ನೀಲಗಂಗಮ್ಮನವರ ಖಾನಾವಳಿಯ ಒಲೆಯ ಮುಂದೆ ಅಂಜಿನಕ್ಕ ಜೋಳದ ರೊಟ್ಟಿ ಬಡಿಯುತ್ತಿದ್ದಾರೆ. ಪಕ್ಕದಲ್ಲಿ ಹಿಟ್ಟಿನ ಡಬ್ಬಿಯ ಮೇಲೆ ಒಂದು ಟೇಪ್‌ರೆಕಾರ್ಡರ್. ಅದರ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿದೆ. ಅದರಿಂದ ಬರುವುದು ನಮ್ಮ ಸೀಮೆಯ ಹಾಡಲ್ಲ. ಹಾರ್ಮೋನಿಯಂ ಇಲ್ಲ, ತಬಲಾ ಇಲ್ಲ. ಬರೀ ಗಂಟಲುಗಳು, ಬೇರೆ ಬೇರೆ ದೇಶದವು, ಒಂದರ ಮೈಮೇಲೆ ಒಂದು.

ಭಾಷೆ ತಿಳಿಯದ ಅಂಜಿನಕ್ಕ ದನಿಗಳಿಗೇ ಹೆಸರಿಟ್ಟಿದ್ದಾರೆ. ಗಂಟಲಾಳದಲ್ಲಿ ಗುಡುಗುವವನು ‘ಬಾವಿಯಪ್ಪ’. ದೂರಕ್ಕೆ ಕೂಗುವವನು ‘ಕುರಿ ಕರಿಯಾಂವ’. ಉಸಿರು ಬಿಡದೆ ಹಾಡುವ ಹೆಂಗಸರೆಲ್ಲ ‘ತೂರೋರು’. ರಾಶಿಯ ಕಣದಲ್ಲಿ ನಿಂತು ತೂರುವವರ ಹಾಗೆ ಅವರ ದನಿ ಏರಿ ಚೆಲ್ಲುತ್ತದೆ.

ಹಾಡು ಅರ್ಧ ದಾಟಿದಾಗ ಒಬ್ಬಳ ದನಿ ಮೇಲೇರಿ ಮುರಿಯುವಂತಾಗುತ್ತದೆ. ಆಗ ಅಂಜಿನಕ್ಕನ ಕೈ ನಿಲ್ಲುತ್ತದೆ. ರೊಟ್ಟಿ ಹಲಗೆಯ ಮೇಲೆ ಅರ್ಧವಾಗಿಯೇ ಉಳಿಯುತ್ತದೆ. ಕೆಳಗಿನಿಂದ ಇನ್ನೊಬ್ಬಳು ಬಂದು ಆ ದನಿಯನ್ನು ಹಿಡಿದ ಮೇಲಷ್ಟೇ ಕೈ ಮತ್ತೆ ಆಡುತ್ತದೆ. ನಾಲ್ಕು ವರ್ಷದಿಂದ ದಿನವೂ ಹೀಗೇ.

“ಬೆಳ್ಳಂಬೆಳಿಗ್ಗೆ ಹೆಣ ಕುಂದ್ರಿಸಿದ್ಹಂಗ ಅದೇನ್ ಹಚ್ಚೀಯಬೇ! ಗಿರಾಕಿ ಓಡಿ ಹೋಗ್ತಾರ,” ಎಂದು ನೀಲಗಂಗಮ್ಮ ಒಳಗಿನಿಂದ ಕೂಗುತ್ತಾರೆ.

“ರೊಟ್ಟಿ ಮೆತ್ತಗಿದ್ರ ಯಾವ ಗಿರಾಕೀನೂ ಓಡಂಗಿಲ್ಲ, ಸುಮ್ಕಿರಬೇ.”

ಎಂಟು ಗಂಟೆಯೊಳಗೆ ನೂರೆಂಬತ್ತು ರೊಟ್ಟಿ, ಸಂತೆಯ ದಿನ ಇನ್ನೂರೈವತ್ತು. ಊಟಕ್ಕೆ ಕೂತ ಲಾರಿ ಚಾಲಕರು ರೊಟ್ಟಿಯನ್ನು ಹೊಗಳುತ್ತಾರೆ. ಬಡಿದ ಕೈ ಯಾರದೆಂದು ಕೇಳಿದವರು ಕಡಿಮೆ. ಆ ಕೈಯ ಒಡತಿಗೆ ಮೊದಲು ಇನ್ನೊಂದು ಕಾಯಕವಿತ್ತೆಂದು ಬಲ್ಲವರು ಅವರ ಊರಿನವರು ಮಾತ್ರ.

ಸಾವಿನ ಮನೆಯಲ್ಲಿ ಹಾಡಿ ಅಳುವ ಕಾಯಕ. ಅಂಜಿನಕ್ಕ, ಹಂಪಮ್ಮ ಇಬ್ಬರೂ ಜೋಡಿ. ಸುತ್ತಲಿನ ಹಳ್ಳಿಗಳಲ್ಲಿ ಯಾರು ತೀರಿಕೊಂಡರೂ ಶೇಂಗಾ ಹೊಲದ ಕಳೆ ಬಿಟ್ಟು ನಡೆಯುತ್ತಿದ್ದರು. ಸತ್ತವರ ಗುಣವನ್ನು ಹೆಸರು ಹಿಡಿದು ಒಬ್ಬರು ಎತ್ತಬೇಕು. ಅವರ ಉಸಿರು ಮುಗಿಯುವ ಮೊದಲೇ ಇನ್ನೊಬ್ಬರು ಹಿಡಿಯಬೇಕು. ಪುರಾಣ ಓದುವವರ ಪದ್ಯ ನಿಲ್ಲುವಲ್ಲಿ ಅರ್ಥ ಹೇಳುವವರ ದನಿ ಏಳುತ್ತದಲ್ಲ, ಹಾಗೆ. ಎತ್ತುವವರು ಅಂಜಿನಕ್ಕ, ಹಿಡಿಯುವವರು ಹಂಪಮ್ಮ.

೧೯೯೮ರಲ್ಲಿ ಅಮೃತಾ ಎಂಬ ವಿದ್ಯಾರ್ಥಿನಿ ಈ ಹಾಡುಗಳನ್ನು ಧ್ವನಿಮುದ್ರಿಸಲು ಅಂಜಿನಕ್ಕನ ಮನೆಗೆ ಬಂದರು. ಅಂಜಿನಕ್ಕ ಒಪ್ಪಲಿಲ್ಲ. “ಸಾವಿಲ್ಲದ ಮನ್ಯಾಗ ಆ ಹಾಡು ಹಾಡಬಾರದ್ರಿ. ಸಾವನ್ನ ಹೆಸರ್ಹಿಡದು ಕರದಂಗ ಆಕ್ಕೈತಿ. ನಮ್ಮವ್ವ ಹೇಳಿದ್ಲು.” ಅಮೃತಾ ಒತ್ತಾಯಿಸಲಿಲ್ಲ. ‘ಬೇರೆ ದೇಶದವರೂ ಹೀಗೆ ಹಾಡುತ್ತಾರೆ ಕೇಳಿ’ ಎಂದು ಈ ಕ್ಯಾಸೆಟ್ ಹಾಕಿದರು. ಆಗ ಹಂಪಮ್ಮನೂ ಅಲ್ಲಿದ್ದರು; ಅಂಜಿನಕ್ಕನ ಬಾಯಲ್ಲಿ ಅವರು ‘ಹಂಪಿ’.

“ಹಂಪಿ ಬಿದ್ದು ಬಿದ್ದು ನಕ್ಕಳ್ರೀ. ‘ಲೇ ಅಂಜಿನಿ, ಈಕಿನೂ ನಿನ್ಹಂಗ ಮೂಗಿನ್ಯಾಗ ಅಳ್ತಾಳ ನೋಡಲೇ!’ ಅಂದ್ಲು. ನಕ್ಕೋತ ನಕ್ಕೋತನ ಸುಮ್ಮನಾದ್ಲು. ಆ ಹೆಣ್ಮಗಳ ದನಿ ಬೀಳಾಕ ಹತ್ತಿತ್ತಲ್ಲ, ಅಲ್ಲಿ ಹಿಡದುಬಿಟ್ಲು ನಮ್ಮ ಹಂಪಿ. ತಿಳದು ಅಲ್ಲ, ರೂಢಿ. ಹುಡುಗಿ ಗಡಿಬಿಡಿಯಾಗಿ ಇನ್ನೊಂದು ಟೇಪಿನ ರೆಕಾರ್ಡ್ ಗುಂಡಿ ಒತ್ತಿದ್ಲು. ನಾನು ಓಡಿಬಂದು ಹಂಪಿ ಬಾಯಿ ಮುಚ್ಚಿದೆ. ಈ ಹಿಟ್ಟಿನ ಕೈಲೇ.”

ಅಂಜಿನಕ್ಕ ಕೈ ತೋರಿಸಿ, ಮತ್ತೆ ಹಿಟ್ಟಿಗೆ ಇಳಿಸುತ್ತಾರೆ.

ಅಮೃತಾ ಕ್ಯಾಸೆಟ್ಟನ್ನು ಇಬ್ಬರಿಗೂ ಎಂದು ಬಿಟ್ಟು ಹೋದರು. ಮರುವರ್ಷ ಮೂರೇ ದಿನದ ಜ್ವರದಲ್ಲಿ ಹಂಪಮ್ಮ ತೀರಿಕೊಂಡರು.

“ಹಾಡಲಿಲ್ಲ, ಆದ್ರೂ ಸಾವು ಬಂತಲ್ರೀ,” ಎನ್ನುತ್ತಾರೆ ಅಂಜಿನಕ್ಕ. “ಆಕಿ ಮುಂದ ಕುಂತು ನಾನು ಎತ್ತಿದೆ. ಹಿಡಿಯಾಕ ಯಾರದಾರ? ದನಿ ಹಂಗ ಕೆಳಗ ಬಿತ್ತು. ಊರಿನವ್ರ ಹೆಣಕ್ಕೆಲ್ಲ ಅತ್ತಾಕಿ, ನಮ್ಮ ಹಂಪಿಗೆ ಒಂದು ನುಡಿ ಪೂರಾ ಮಾಡಲಿಲ್ಲ.”

ಆ ದಿನದಿಂದ ಅವರು ಸಾವಿನ ಮನೆಯ ಹೊಸ್ತಿಲು ತುಳಿದಿಲ್ಲ. ಊರು ಬಿಟ್ಟು ಕೂಡ್ಲಿಗಿಗೆ ಬಂದರು. ಅಂದು ಗುಂಡಿ ಒತ್ತಿದ ಟೇಪಿನಲ್ಲಿ ಹಂಪಮ್ಮನ ದನಿ ಚೂರಾದರೂ ಉಳಿದಿದೆಯೇ ಎಂದು ಕೇಳಿ ಅಮೃತಾ ಅವರಿಗೆ ಕಾಗದ ಬರೆಸಿದರು. ಉತ್ತರ ಬಂತು.

“ಹಂಪಿ ದನಿ ಇಲ್ಲಂತ್ರಿ. ‘ಬ್ಯಾಡಲೇ’ ಅಂದ ನನ್ನ ದನಿ ಅಷ್ಟ ಐತಂತ.”

ಕ್ಯಾಸೆಟ್ ಈಗ ಸವೆದಿದೆ. ‘ಬಾವಿಯಪ್ಪ’ನ ಗುಡುಗು ಅಲ್ಲಲ್ಲಿ ತೊದಲುತ್ತದೆ. ಟೇಪು ಸಿಕ್ಕಿಕೊಂಡರೆ ಅಂಜಿನಕ್ಕ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಪೆನ್ಸಿಲ್ ತೂರಿಸಿ ಮೆಲ್ಲಗೆ ಸುತ್ತುತ್ತಾರೆ. ಇನ್ನೊಂದು ಪ್ರತಿ ಮಾಡಿಸಿಕೊಳ್ಳಬಾರದೇ ಎಂದರೆ, “ಇದು ಆಕಿ ಕೇಳಿದ್ದು,” ಎನ್ನುತ್ತಾರೆ, ಅಷ್ಟೇ.

ಕೊನೆಯ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತದೆ. ಏನಾದರೂ ಆಸೆ ಇದೆಯೇ ಎಂದಾಗ ಅವರು ಒಲೆಯ ಕೆಂಡವನ್ನು ಹಿಂದಕ್ಕೆ ಎಳೆಯುತ್ತಾರೆ.

“ನೀಲಗಂಗವ್ವಗ ಹೇಳಿಟ್ಟೀನ್ರಿ. ನಾನು ಹ್ವಾದ ದಿನ ಇದನ್ನ ಹಚ್ಚಬೇಕು. ಆ ದನಿ ಬೀಳೋ ಜಾಗ ಬಂದಾಗ ಬಂದವರಾಗ ಯಾರರ ದನಿ ಹಿಡದ್ರ, ಹಿಡೀಲಿ. ಬಾಯಿ ಮುಚ್ಚಬ್ಯಾಡ್ರಿ.”