ಹಿಂದಿನ ಸಾಲಿಗೆ ಹೋಗಿ ಎಂದವಳು

ಹತ್ತೊಂಬತ್ತನೆಯ ವಯಸ್ಸಿನಲ್ಲಿ ನನ್ನ ಎಡಗಣ್ಣಿನ ಕೆಳಗೆ ಅಕ್ಕಿಕಾಳಿನಷ್ಟು ಬಿಳುಪು ಕಾಣಿಸಿಕೊಂಡಿತು. ಎರಡು ವರ್ಷದಲ್ಲಿ ಅದು ಕೆನ್ನೆ ದಾಟಿ ಕುತ್ತಿಗೆಗೆ ಇಳಿಯಿತು. ತೊನ್ನು ಅಂಟುವ ರೋಗವಲ್ಲ ಎಂದು ವೈದ್ಯರು ಹೇಳಿದ್ದನ್ನು ಮನೆಯವರೆಲ್ಲ ಕೇಳಿಸಿಕೊಂಡಿದ್ದರು. ಆದರೂ ದೊಡ್ಡಪ್ಪನ ಮಗಳ ಮದುವೆಯಲ್ಲಿ ಸೋದರತ್ತೆ ನನ್ನ ಕೈಯಿಂದ ಆರತಿ ತಟ್ಟೆ ತೆಗೆದುಕೊಂಡು, ಫೋಟೋಕ್ಕೆ ಹಿಂದೆ ನಿಲ್ಲು ಎಂದು ಮೆಲ್ಲಗೆ ಹೇಳಿದಳು. ಆಮೇಲೆ ಯಾರೂ ಹೇಳಬೇಕಾಗಲಿಲ್ಲ, ನಾನೇ ಹಿಂದೆ ನಿಲ್ಲತೊಡಗಿದೆ. ಕಲಬುರಗಿಯ ಜಗತ್ ವೃತ್ತದ ಹತ್ತಿರದ ಕಚೇರಿಯಲ್ಲಿ ಕೆಲಸ ಸಿಕ್ಕಾಗ ಜನರ ಮುಂದೆ ಕೂರುವ ಮೇಜು ಬೇಡವೆಂದು ಹಳೆಯ ಕಡತಗಳ ಕೋಣೆಯನ್ನು ಕೇಳಿ ಪಡೆದೆ. ಎಡಗೆನ್ನೆಗೆ ಸೆರಗು ಎಳೆದುಕೊಂಡೇ ಇಪ್ಪತ್ತೈದು ವರ್ಷ ಕಳೆದವು.

ಕಾಲೇಜಿಗೆಂದು ನನ್ನ ಮನೆಯಲ್ಲೇ ಇರುವ ತಂಗಿಯ ಮಗಳು ಒಂದು ದಿನ ಫೋನಿನೊಳಗಿನ ಸಭಾಂಗಣವೊಂದನ್ನು ತೋರಿಸಿದಳು. ಹಾಡುವ ಹೆಂಗಸರು ತಮ್ಮ ತಮ್ಮ ಮನೆಯಲ್ಲೇ ಕುಳಿತಿರುತ್ತಾರೆ. ಅಲ್ಲಿ ಅವರ ಬದಲು ಅವರು ಮಾಡಿಕೊಂಡ ಗೊಂಬೆಗಳು ನಿಲ್ಲುತ್ತವೆ, ಕೈಯಾಡಿಸುತ್ತವೆ. ದನಿ ಮಾತ್ರ ಅವರದೇ. ಹುಡುಗರು ಅದನ್ನು ಅವತಾರ್ ಅನ್ನುತ್ತಾರೆ. ಮನೆಯಲ್ಲಿ ನಾನು ಸೋಬಾನೆ ಪದ ಗುನುಗುವುದನ್ನು ಕೇಳಿದ್ದ ಅವಳು ನನಗೂ ಒಂದು ಗೊಂಬೆ ಮಾಡತೊಡಗಿದಳು. ಕೂದಲು, ಮೂಗು, ಸೀರೆಯ ಬಣ್ಣ ಎಲ್ಲ ಕೇಳಿ ಕೇಳಿ ಹಾಕಿದಳು.

“ಮಾರಿ ಮ್ಯಾಲಿನ ಬಿಳುಪೂ ಹಾಕ್ಲಿಕ್ಕೆ ಬರ್ತದ ದೊಡ್ಡವ್ವ. ಹಾಕ್ಲೇನು?” ಎಂದಳು.

“ಬ್ಯಾಡ,” ಎಂದೆ. ಎರಡನೇ ಸಲ ಯೋಚಿಸಲಿಲ್ಲ.

ಸಂಜೆ ಏಳಕ್ಕೆ ಹತ್ತು ಹನ್ನೆರಡು ಹೆಂಗಸರು ಸೇರುತ್ತಿದ್ದರು. ಮೊದಲ ವಾರ ಬರೀ ಕೇಳಿದೆ. ಎರಡನೇ ವಾರ ಒಂದು ಪದ ಹೇಳಿಕೊಟ್ಟೆ. ತಿಂಗಳೊಳಗೆ ಎಲ್ಲರನ್ನೂ ತಿದ್ದುವವಳು, ನಗಿಸುವವಳು ನಾನೇ ಆಗಿದ್ದೆ. ಆ ನುಣುಪು ಮುಖದ ಗೊಂಬೆ ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಿತ್ತು. ಕೆಲವು ದಿನಗಳಲ್ಲಿ ನಾನೂ ಕಚೇರಿಯಲ್ಲಿ ಹಾಗೆಯೇ ನಡೆಯುತ್ತಿದ್ದೆನಂತೆ. ಜವಾನ ಕೂಡ ಅದನ್ನು ಗಮನಿಸಿ ಹೇಳಿದ. ನನಗೆ ಹಿಗ್ಗಾಯಿತು.

ಒಂದು ಸಂಜೆ ಜಗತ್‌ನ ಸೀರೆ ಅಂಗಡಿಗೆ ಹೋಗಿದ್ದೆ. ಎದುರಿನಿಂದ ಒಬ್ಬಳು ಬರುತ್ತಿದ್ದಳು, ಮುಖದ ಅರ್ಧ ಬಿಳಿ. ಪಾಪ ಅನ್ನಿಸಿತು. ದಾರಿ ಬಿಡಲು ಪಕ್ಕಕ್ಕೆ ಸರಿದೆ, ಅವಳೂ ಅದೇ ಪಕ್ಕಕ್ಕೆ ಸರಿದಳು. ಅದು ಕನ್ನಡಿ. ಸೆರಗು ಹೆಗಲ ಮೇಲೇ ಇತ್ತು. ನನ್ನ ಮುಖವನ್ನೇ ನಾನು ಗುರುತಿಸಿರಲಿಲ್ಲ. ಸೀರೆ ನೋಡದೆ ಹೊರಗೆ ಬಂದು, ಕುಸನೂರಿನ ಮನೆ ತಲುಪುವವರೆಗೂ ಆಟೋದಲ್ಲಿ ಕೆನ್ನೆ ಮುಟ್ಟಿಕೊಳ್ಳುತ್ತಲೇ ಕುಳಿತಿದ್ದೆ. ಆದರೆ ಏಳು ಗಂಟೆಗೆ ಮತ್ತೆ ಆ ಸಭಾಂಗಣಕ್ಕೆ ಹೋದೆ. ಅಲ್ಲಿ ಹೋದ ಮೇಲೇ ಎದೆ ಬಡಿತ ಇಳಿದದ್ದು.

ಶ್ರಾವಣದಲ್ಲಿ ಹಾಡಿನ ಕಾರ್ಯಕ್ರಮ ಮಾಡಿ ಅದರ ವಿಡಿಯೋ ಎಲ್ಲರಿಗೂ ಕಳಿಸಬೇಕೆಂದಾಯಿತು. ಆ ಹೊತ್ತಿಗೆ ಹೊಸಬಳೊಬ್ಬಳು ಸೇರಿದ್ದಳು. ಕಮಲಾಪುರದ ಬಸ್ ಸ್ಟ್ಯಾಂಡ್ ಎದುರು ಹೊಲಿಗೆ ಅಂಗಡಿ ಇಟ್ಟಿದ್ದೇನೆ ಎಂದು ಹೇಳಿಕೊಂಡಿದ್ದಳು. ಅವಳ ಗೊಂಬೆಯ ಬಾಯಿಯ ಸುತ್ತ, ಬೆರಳುಗಳ ಮೇಲೆ ಬಿಳುಪು ಇತ್ತು. ಎಲ್ಲರಿಗಿಂತ ಒಳ್ಳೆಯ ದನಿ ಅವಳದು. ಅವಳು ಮುಂದಿನ ಸಾಲಿನಲ್ಲಿ ನಿಂತಿದ್ದಳು. ಯಾರನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಕೆಲಸ ನನ್ನದಾಗಿತ್ತು.

“ನೀವು ಹಿಂದಿನ ಸಾಲಿಗೆ ಹೋಗ್ರಿ. ವಿಡಿಯೋದಾಗ ಅದು ಎದ್ದು ಕಾಣ್ತದ,” ಎಂದೆ.

ಅವಳ ಗೊಂಬೆ ಒಂದು ಕ್ಷಣ ನಿಂತಿತು, ಹಿಂದಕ್ಕೆ ಹೋಯಿತು, ಆಮೇಲೆ ಕಾಣಿಸಲಿಲ್ಲ. ನಾನು ಮುಂದಿನ ಪದ ಎತ್ತಿಕೊಂಡೆ. ಎರಡು ಸಾಲು ಹಾಡಿ ನಿಲ್ಲಿಸಿದೆ. ಆಡಿದ ಮಾತು ನನಗೆ ಆಗ ಕೇಳಿಸಿತ್ತು. ಸೋದರತ್ತೆಯಾದರೂ ಮೆಲ್ಲಗೆ, ನನ್ನೊಬ್ಬಳ ಕಿವಿಗೆ ಹೇಳಿದ್ದಳು. ನಾನು ಹನ್ನೆರಡು ಜನರ ಮುಂದೆ ಹೇಳಿದ್ದೆ.

ಅವಳು ಮತ್ತೆ ಬರಲಿಲ್ಲ. ಭಾನುವಾರ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ನಿಲ್ದಾಣದ ಎದುರು ಕೆಂಪು ಬಾಳೆಹಣ್ಣಿನ ಗಾಡಿಗಳು, ಅವುಗಳ ಹಿಂದೆ ಅವಳ ಅಂಗಡಿ. ಮೂವತ್ತೈದರ ಹೆಂಗಸು, ಬಾಯಿಯ ಸುತ್ತ ಬಿಳುಪು, ತಲೆ ತಗ್ಗಿಸಿ ಬಟ್ಟೆ ಕತ್ತರಿಸುತ್ತಿದ್ದಳು. ಕಲಬುರಗಿಯಿಂದ ಬಂದೆ ಎಂದು ಹೇಳಿದ್ದೇ ತಡ, ಅವಳ ಕತ್ತರಿ ನಿಂತಿತು. ದನಿ ಗುರುತು ಹತ್ತಿತ್ತು. ತಲೆ ಎತ್ತಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು.

“ನಿಮ್ಮ ಗೊಂಬಿಗೆ ಇದು ಇರ್ಲಿಲ್ಲಲ್ರಿ,” ಎಂದಳು.

“ನಾನೇ ಹಾಕ್ಸಿರ್ಲಿಲ್ರಿ. ತಪ್ಪಾಯ್ತು.”

“ಯಾರೋ ನೆಟ್ಟಗಿನ ಮಾರಿಯಾಕಿ ಅಂದಾಳ ಅಂತ ತಿಳ್ಕೊಂಡಿದ್ದೆ. ಅದನ್ನ ಹ್ಯಾಂಗರೆ ತಾಳ್ಕೊಂಡೆ. ನೀವ ಹಿಂಗ ಅಂದೀರಿ ಅಂದ್ರ...” ಎಂದವಳು ಕತ್ತರಿಯನ್ನು ಪಕ್ಕಕ್ಕಿಟ್ಟಳು.

ಹೋಗು ಅನ್ನುತ್ತಾಳೆಂದು ಕಾದೆ. ಅವಳು ಸ್ಟೂಲು ತೋರಿಸಿ, ಎದುರಿನ ಹೋಟೆಲಿನಿಂದ ಚಹಾ ತರಿಸಿದಳು. ಬಿಳುಪನ್ನು ಬೇಕೆಂದೇ ಹಾಕಿಕೊಂಡಿದ್ದಳಂತೆ. ಫೋನಿನಲ್ಲಿ ನೋಡಿ ರೂಢಿಯಾದರೆ ಎದುರಿಗೂ ಜನ ಮುಖ ತಿರುಗಿಸಲಿಕ್ಕಿಲ್ಲ ಎಂದು ಅವಳ ಲೆಕ್ಕ. ನನ್ನ ಮಾತು ಕೇಳಿದ ಮರುದಿನ ಅದನ್ನು ಅಳಿಸಿ, ನುಣುಪು ಮುಖದ ಹೊಸ ಗೊಂಬೆ ಮಾಡಿಕೊಂಡು ಬೇರೆ ಗುಂಪಿಗೆ ಸೇರಿದ್ದಳು. ಅಲ್ಲಿ ತನ್ನನ್ನು ಮುಂದೆ ನಿಲ್ಲಿಸಿದ್ದಾರೆ ಎಂದು ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ. ಲೋಟ ಕೆಳಗಿಡುವಾಗ ಚಹಾ ಸೀರೆ ಮೇಲೆ ಚೆಲ್ಲಿತು. ಅವಳು ಒರೆಸಲು ಚಿಂದಿ ಕೊಟ್ಟಳು. ಕ್ಷಮಿಸಿದೆ ಎಂದು ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ಮನೆಗೆ ಬಂದು ತಂಗಿಯ ಮಗಳಿಂದ ನನ್ನ ಗೊಂಬೆಗೆ ಬಿಳುಪು ಹಾಕಿಸಿದೆ, ಇದ್ದಲ್ಲೆಲ್ಲ. ಸಂಜೆ ಎಲ್ಲರಿಗೂ ನಡೆದದ್ದನ್ನು ಹೇಳಿದೆ. ಆಮೇಲೆ ಹಾಡು ಶುರುವಾಯಿತು. ಅರ್ಧಕ್ಕೆ ಒಬ್ಬ ಹಿರಿಯ ಹೆಂಗಸು ನಿಲ್ಲಿಸಿ, “ಅಕ್ಕೋರೆ, ನಿಮ್ಮ ದನಿ ಕೇಳವಲ್ದು, ಫೋನ್ ಸರಿ ಅದ ಇಲ್ಲೋ ನೋಡ್ರಿ,” ಎಂದರು. ಫೋನು ಸರಿಯಾಗಿತ್ತು. ನಾನೇ ಕಡತಗಳ ಕೋಣೆಯ ತಗ್ಗಿದ ದನಿಯಲ್ಲಿ ಹಾಡುತ್ತಿದ್ದೆ. ನಿನ್ನೆ ಮೊನ್ನೆಯ ಆ ದೊಡ್ಡ ಗಂಟಲು ನನ್ನದಲ್ಲವೇ, ಬರೀ ಆ ಮುಖದ್ದೇ ಎಂದು ದಿಗಿಲಾಯಿತು.

ಆ ದನಿ ಇನ್ನೂ ಪೂರ್ತಿ ತಿರುಗಿ ಬಂದಿಲ್ಲ. ಶ್ರಾವಣದ ಕಾರ್ಯಕ್ರಮದಲ್ಲಿ ಮುಂದಿನ ಸಾಲಿನಲ್ಲೇ ನಿಂತೆ, ಎರಡು ಕಡೆ ಶ್ರುತಿ ತಪ್ಪಿತು. ಕೇಳಲು ಬಂದವರಲ್ಲಿ ಕಮಲಾಪುರದವಳೂ ಇದ್ದಳು, ಅದೇ ನುಣುಪು ಮುಖದ ಗೊಂಬೆಯಾಗಿ; ಹೆಸರಿನಿಂದ ಗುರುತು ಹತ್ತಿತು. ಮುಗಿಯುವ ಮೊದಲೇ ಹೋದಳು. ಕಳೆದ ವಾರ ರವಿಕೆ ಬಟ್ಟೆ ಹಿಡಿದು ಮತ್ತೆ ಅವಳ ಅಂಗಡಿಗೆ ಹೋದೆ. ಅಳತೆ ತೆಗೆದುಕೊಂಡಳು. ಕುತ್ತಿಗೆ ಎಷ್ಟು ಇಳಿಸಬೇಕೆಂದು ಕೇಳಿದಳು, ಹೇಳಿದೆ. ಹದಿನೈದು ದಿನ ಬಿಟ್ಟು ಬರಲು ಹೇಳಿದ್ದಾಳೆ.