ನೋವು ಬರುವ ಮೊದಲೇ ಕೊಟ್ಟ ಮಾತ್ರೆ

ನಾನಾಗ ಕೊಪ್ಪದ ಒಂದು ಸಣ್ಣ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಎರಡು ಸಾವಿರದ ಆರೋ ಏಳೋ ಇರಬೇಕು. ಒಂದು ದಿನ ಶೃಂಗೇರಿಯಾಚೆಯ ಕೆರೆಕಟ್ಟೆ ಕಡೆಯಿಂದ ಐವತ್ತೈದರ ಆಸುಪಾಸಿನ ಒಬ್ಬ ಅಮ್ಮನನ್ನು ಕರೆತಂದರು. ಎದೆಯ ಕ್ಯಾನ್ಸರ್ ಬೆನ್ನುಮೂಳೆಗೆ ಹರಡಿತ್ತು. ಇನ್ನು ವಾಸಿಯಾಗುವುದಿಲ್ಲವೆಂದು ಮಂಗಳೂರಿನ ಡಾಕ್ಟರು ಹೇಳಿ ಕಳಿಸಿದ್ದರು. ಜೊತೆಗಿದ್ದವರು ಗಂಡ, ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿ ನಿವೃತ್ತರಾದವರು.

ಬೆಳಿಗ್ಗೆ ಹೋಗಿ "ನೋವಿದ್ಯಾ ಅಮ್ಮಾ?" ಎಂದರೆ ಆಕೆ "ಎಂತ ಇಲ್ಲ ಮಾರಾಯ್ತಿ" ಎನ್ನುತ್ತಿದ್ದರು. ಮಂಚದ ಕಂಬಿ ಹಿಡಿದ ಬೆರಳುಗಳು ಮಾತ್ರ ಬಿಳಿಚಿಕೊಂಡಿರುತ್ತಿದ್ದವು. ನಾನು ಬಾಯಿಮಾತನ್ನೇ ಚಾರ್ಟಿನಲ್ಲಿ ಬರೆದು ಮುಂದಿನ ಮಂಚಕ್ಕೆ ಹೋಗುತ್ತಿದ್ದೆ.

ನಮ್ಮ ಡಾಕ್ಟರಮ್ಮ ಹಾಗೆ ಬಿಡಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, "ಮೊದಲು ಮಾಡ್ತಿದ್ದದ್ದು ಈಗ ಯಾವುದು ಆಗ್ತಿಲ್ಲ, ಹೇಳಿ" ಎಂದರು.

ಆಕೆ ಗಂಡನತ್ತ ನೋಡಿದರು. "ಕೂತು ಉಣ್ಣಕ್ಕೆ ಆಗ್ತಿಲ್ಲ. ಮಲಗಿದಲ್ಲೇ ಇವರು ಚಮಚದಲ್ಲಿ ಹಾಕ್ತಾರೆ, ಮಕ್ಕಳಿಗೆ ಹಾಕಿದ ಹಾಗೆ." ಅಷ್ಟು ಹೇಳಿ ಅತ್ತುಬಿಟ್ಟರು.

ಗಂಡನ ಕೈಚೀಲದಲ್ಲಿ ಮಂಗಳೂರಿನಲ್ಲಿ ಕೊಟ್ಟ ಮಾರ್ಫಿನ್ ಮಾತ್ರೆಗಳಿದ್ದವು, ಹೆಚ್ಚಿನವು ಮುಟ್ಟದೆ ಹಾಗೇ ಉಳಿದಿದ್ದವು. "ತಡೆಯಕ್ಕೇ ಆಗದಿದ್ದಾಗ ಅರ್ಧ ಕೊಡ್ತಿದ್ದೆ ಮೇಡಂ. ಚಟ ಹತ್ತಿದ್ರೆ ಅಂತ ಹೆದರಿಕೆ" ಎಂದರು, ತಲೆ ತಗ್ಗಿಸಿ. ಅವರನ್ನು ಬೈಯಲು ನನಗೆ ಯಾವ ಮುಖವಿತ್ತು? ಅದೇ ಹೆದರಿಕೆಯಿಂದ ನಾನೂ ಎಷ್ಟೋ ಜನರಿಗೆ "ಇನ್ನು ಸ್ವಲ್ಪ ತಡ್ಕೊಳ್ಳಿ" ಎಂದವಳೇ.

"ಇಂಥ ನೋವಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ರೆ ಚಟದ ಭಯ ಬೇಡ. ನೋವು ಬಂದ ಮೇಲಲ್ಲ, ಬರೋ ಮೊದಲೇ ಕೊಡ್ಬೇಕು" ಎಂದರು ಡಾಕ್ಟರಮ್ಮ. ನಾಲ್ಕು ಗಂಟೆಗೊಮ್ಮೆ ಮಾತ್ರೆ, ಮಲಬದ್ಧತೆಯಾಗದಂತೆ ಬೇರೊಂದು ಔಷಧಿ. ಮೊದಲೆರಡು ದಿನ ಆಕೆ ಮಂಪರಿನಲ್ಲೇ ಇದ್ದರು. ಗಂಡ ಗಾಬರಿಬಿದ್ದು ಹತ್ತು ಸಲ ನನ್ನನ್ನು ಕರೆದರು. ಹತ್ತು ಸಲವೂ ಪಕ್ಕದಲ್ಲಿ ನಿಂತು ಉಸಿರು ಎಣಿಸಿ, ಸರಿಯಾಗಿದೆ ಎಂದು ತೋರಿಸಿದೆ.

ಮೂರನೇ ದಿನ ಮಧ್ಯಾಹ್ನ ಆಕೆ ದಿಂಬಿಗೊರಗಿ ಕೂತರು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಅನ್ನಕ್ಕೆ ಸಾರು ತಾವೇ ಕಲಸಿ, ಒಂದು ತುತ್ತು ಉಂಡು ಗಂಡನತ್ತ ತಿರುಗಿದರು. "ಇಷ್ಟು ದಿನ ಈ ಸಪ್ಪೆ ಸಾರು ತಿನ್ನಿಸಿದ್ರಾ ನಂಗೆ?" ವಾರ್ಡಿಗೆ ವಾರ್ಡೇ ನಕ್ಕಿತು. ಉಪ್ಪು ತರುತ್ತೇನೆಂದು ಎದ್ದುಹೋದ ಗಂಡ ವರಾಂಡದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು.

ವಾರದ ಮೇಲೆ ಆಕೆ ಮನೆಗೆ ಹೋದರು. ಯಾವಾಗ ಯಾವ ಮಾತ್ರೆ ಎಂಬುದನ್ನು ಗಂಡನಿಂದ ಎರಡೆರಡು ಸಲ ಹೇಳಿಸಿಯೇ ಕಳಿಸಿದ್ದೆ.

ನಾಲ್ಕು ತಿಂಗಳಾದ ಮೇಲೆ ಗಂಡ ಒಬ್ಬರೇ ಬಂದು ಉಳಿದ ಮಾತ್ರೆಗಳನ್ನು ಮೇಜಿನ ಮೇಲಿಟ್ಟರು. ಕೇಳುವುದೇನೂ ಉಳಿದಿರಲಿಲ್ಲ.

"ಕೊನೇ ತನಕ ಒಳ್ಳೇದಾಗೇ ಇದ್ಲು ಸಿಸ್ಟರ್. ಹೋಗೋ ಮುಂಚಿನ ದಿನ ಅವಳ ತಂಗಿ ಬಂದಿದ್ಲು. ಇಬ್ರೂ ಸಣ್ಣವರಿದ್ದಾಗಿನ ಕಥೆ ಹೇಳ್ಕೊಂಡು ಸಂಜೆವರೆಗೂ ನಗಾಡಿದ್ರು."

ಹೇಳುವಾಗ ಅವರ ಮುಖದಲ್ಲಿ ದುಃಖಕ್ಕಿಂತ ನೆಮ್ಮದಿಯೇ ಹೆಚ್ಚಿತ್ತು. ಕ್ಯಾಂಟೀನಿನಲ್ಲಿ ಇಬ್ಬರೂ ಕಾಫಿ ಕುಡಿದೆವು. ಶೃಂಗೇರಿ ಬಸ್ಸಿಗೆ ಹೊತ್ತಾಯಿತೆಂದು ಅವರು ಎದ್ದಾಗ, ನಾನೂ ಬಸ್ ಸ್ಟ್ಯಾಂಡಿನವರೆಗೆ ಅವರ ಜೊತೆ ನಡೆದೆ.